ಕೋಳಿಮರಿಗಳ ಡಾಕ್ಟರಮ್ಮ

ಆ ಸಂಶೋಧನಾಲಯದ ಮೂರನೇ ಮಹಡಿಗೆ ಕಾಲಿಟ್ಟವರ ಕಿವಿಗೆ ಮೊದಲು ಬೀಳುತ್ತಿದ್ದುದು ಮರಿಗಳ ಚಿಂವ್ ಚಿಂವ್. ಬೇರೆ ಮಹಡಿಗಳಲ್ಲಿ ಕೋಣೆ ತುಂಬುವಂಥ ಯಂತ್ರಗಳಿದ್ದವು. ಇಲ್ಲಿ ಇದ್ದದ್ದು ಮೊಟ್ಟೆಗೆ ಕಾವು ಕೊಡುವ ನಾಲ್ಕು ಪೆಟ್ಟಿಗೆ, ಒಂದು ಹಳೆಯ ಮೈಕ್ರೋಸ್ಕೋಪು, ಬಾಗಿಲ ಹಿಂದೆ ನುಚ್ಚಿನ ಚೀಲ. ಹೀಗಾಗಿ ಅಲ್ಲಿಯ ನರವಿಜ್ಞಾನಿಯನ್ನು ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಕೋಳಿ ಡಾಕ್ಟರಮ್ಮ ಅಂತಲೇ ಕರೆಯುತ್ತಿದ್ದರು. ಅವರೇನೂ ಬೇಜಾರು ಮಾಡಿಕೊಂಡವರಲ್ಲ. "ಕರೀಲಿ ಬಿಡಿ, ಕೋಳಿಗಳೇನು ಆಕ್ಷೇಪಣೆ ಮಾಡಿಲ್ಲವಲ್ಲ" ಅನ್ನುತ್ತಿದ್ದರು.

ಅವರು ಮನುಷ್ಯರ ಡಾಕ್ಟರಾಗಲೆಂದೇ ಓದಿದವರು. ಓದು ಮುಗಿದ ಹೊಸದರಲ್ಲಿ ಮಕ್ಕಳ ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರ ಪಕ್ಕ ಕೂತು ಚೀಟಿ ಬರೆಯುವುದು ಅವರ ಕೆಲಸ. ಒಂದು ಬೆಳಿಗ್ಗೆ ಒಬ್ಬ ತಾಯಿ ನಾಲ್ಕು ವರ್ಷದ ಹುಡುಗಿಯನ್ನು ಕರೆತಂದಳು. ಬಸುರಿದ್ದಾಗ ಆ ತಾಯಿಗೆ ಫಿಟ್ಸ್ ಬರುತ್ತಿತ್ತು, ಮಾತ್ರೆ ಬಿಡುವಂತಿರಲಿಲ್ಲ. ಆ ಮಾತ್ರೆ ಹೊಟ್ಟೆಯೊಳಗಿನ ಕೂಸಿನ ಮಿದುಳನ್ನು ಮುಟ್ಟಿತ್ತು. ಹುಡುಗಿ ಹೇಳಿಕೊಟ್ಟದ್ದನ್ನು ಮರುಗಳಿಗೆಗೆ ಮರೆಯುತ್ತಿದ್ದಳು.

"ಇದು ಹುಟ್ಟಿನಿಂದ ಬಂದಿದ್ದಮ್ಮ. ಒಪ್ಕೋಬೇಕು ಅಷ್ಟೆ" ಎಂದರು ಹಿರಿಯ ಡಾಕ್ಟರು.

ತಾಯಿ ಏಳಲಿಲ್ಲ. "ಇವಳ ಪಾದ ಸೊಟ್ಟಗಿತ್ತಲ್ಲ ಸಾರ್, ಅದೂ ಹುಟ್ಟಿನಿಂದ ಬಂದಿದ್ದೇ. ಅದನ್ನ ನೀವೇ ನೆಟ್ಟಗೆ ಮಾಡಿದ್ರಿ. ತಲೆಗೆ ಮಾತ್ರ ಯಾಕಾಗಲ್ಲ?"

ಹಿರಿಯ ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಚೀಟಿ ಬರೆಯುತ್ತಿದ್ದ ಡಾಕ್ಟರಮ್ಮ ಆ ಮಾತನ್ನು ಚೀಟಿಯ ಹಿಂದೆ ಬರೆದುಕೊಂಡರು. ಆ ಪ್ರಶ್ನೆಗೆ ಉತ್ತರ ಯಾವ ಪುಸ್ತಕದಲ್ಲಿದೆಯೆಂದು ಆ ವಾರವಿಡೀ ಗ್ರಂಥಾಲಯದಲ್ಲಿ ಹುಡುಕಿದರು. ಎಲ್ಲ ಪುಸ್ತಕಗಳೂ ಕನ್ನಡಕ ಒರೆಸುತ್ತಲೇ ಇದ್ದವು. ವರ್ಷ ತುಂಬುವುದರೊಳಗೆ ಆಸ್ಪತ್ರೆ ಬಿಟ್ಟು ಸಂಶೋಧನೆಗೆ ಸೇರಿದರು.

ಅಪ್ಪ ದರ್ಜಿ. ಮಗಳನ್ನು ಡಾಕ್ಟರ್ ಮಾಡಲು ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವರು. ಸುದ್ದಿ ಕೇಳಿ ಬಾಯಲ್ಲಿದ್ದ ಗುಂಡುಪಿನ್ನು ತೆಗೆದಿಟ್ಟು, "ನಿನ್ನನ್ನ ಓದಿಸಿದ್ದು ಜನಕ್ಕೆ ಔಷಧಿ ಕೊಡ್ಲಿ ಅಂತ. ನೀನು ಮೊಟ್ಟೆಗೆ ಕೊಡ್ತೀನಿ ಅಂತೀಯ" ಎಂದರು.

"ಮೊಟ್ಟೆ ಆದ್ರೆ ಎದುರು ಮಾತಾಡಲ್ಲ ಬಿಡಿ, ಇವಳಿಗೆ ಅದೇ ಸರಿ" ಎಂದರು ಅಮ್ಮ. ಮನೆಯಲ್ಲಿ ಅಪ್ಪಣೆ ಸಿಕ್ಕಿದ್ದು ಹಾಗೆ.

ಮೊಟ್ಟೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಚಿಪ್ಪಿನೊಳಗೆ ಬೆಳೆಯುವ ಪಿಳ್ಳೆಗೆ ತಾಯಿಯ ಮೈ ಅಡ್ಡ ಬರುವುದಿಲ್ಲ, ಕೊಟ್ಟ ಮದ್ದು ನೇರವಾಗಿ ಮಿದುಳಿಗೆ ಏನು ಮಾಡಿತೆಂದು ನೋಡಬಹುದು. ಒಡೆದು ಬಂದ ಮರಿ ಮೊದಲ ದಿನ ಕಣ್ಣೆದುರು ಚಲಿಸಿದ್ದನ್ನೇ ತಾಯಿ ಅಂದುಕೊಳ್ಳುತ್ತದೆ. ಡಾಕ್ಟರಮ್ಮ ಒಂದು ಕೆಂಪು ಡಬ್ಬಿಯನ್ನು ತಿರುಗಿಸಿ ತೋರಿಸುತ್ತಿದ್ದರು. ಮೂರು ದಿನದ ಮೇಲೆ ಒಂದು ಕಡೆ ಕೆಂಪು ಡಬ್ಬಿ, ಇನ್ನೊಂದು ಕಡೆ ನೀಲಿ ಚೆಂಡು ಇಟ್ಟರೆ ಆರೋಗ್ಯವಂತ ಮರಿ ಡಬ್ಬಿಯ ಕಡೆಗೆ ಓಡುತ್ತಿತ್ತು. ಚಿಪ್ಪಿನೊಳಗಿದ್ದಾಗಲೇ ಫಿಟ್ಸ್ ಮಾತ್ರೆಯ ಮದ್ದು ತಗುಲಿದ ಮರಿ ನಡುವೆ ನಿಂತು ಕಕ್ಕಾಬಿಕ್ಕಿಯಾಗಿ ನೋಡುತ್ತಿತ್ತು. ಅಂಥ ಮರಿಯ ಮಿದುಳಿಗೆ ಎಳೆಯ ಜೀವಕೋಶಗಳನ್ನು ಚುಚ್ಚಿ ಕೊಟ್ಟರೆ ಕೆಟ್ಟದ್ದು ತಿರುಗಿ ಸರಿಹೋದೀತೇ? ಇದಿಷ್ಟೇ ಅವರ ಪ್ರಶ್ನೆ. ಕೇಳಲು ಒಂದು ಸಾಲು, ಉತ್ತರಕ್ಕೆ ಆಯುಷ್ಯದ ಅರ್ಧ.

ಮರಿಗಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿದ್ದರು. ಎಲ್ಲರೂ ಅವರನ್ನು ಗೂಡಿನಕ್ಕ ಎನ್ನುತ್ತಿದ್ದರು. ಡಾಕ್ಟರಮ್ಮನಿಗಿಂತ ಹತ್ತು ವರ್ಷ ದೊಡ್ಡವರು, ಐವರು ಮೊಮ್ಮಕ್ಕಳ ಅಜ್ಜಿ. ನುಚ್ಚು ಹಾಕುವುದು, ಗೂಡು ತೊಳೆಯುವುದು, ಮರಿಯನ್ನು ಪರೀಕ್ಷೆಗೆ ತಂದುಕೊಡುವುದು ಅವರ ಪಾಲಿನ ಕೆಲಸ.

ಏಳನೇ ವರ್ಷಕ್ಕೆ ಫಲ ಕಂಡಿತು. ಜೀವಕೋಶ ಪಡೆದ ಮರಿಗಳು ಸಾಲುಸಾಲಾಗಿ ಕೆಂಪು ಡಬ್ಬಿಯ ಕಡೆಗೆ ಓಡಿದವು. ನಿರ್ದೇಶಕರು ತಾವೇ ಮೂರು ಮಹಡಿ ಹತ್ತಿ ಬಂದು ಕೈಕುಲುಕಿದರು. ಮನೆಯಲ್ಲಿ ಗಂಡ, ಶಾಲೆಯಲ್ಲಿ ಲೆಕ್ಕ ಕಲಿಸುವ ಮೇಷ್ಟ್ರು, "ನಮ್ಮ ಏಳನೇ ಕ್ಲಾಸಿನವರಿಗೂ ಒಂದೊಂದು ಚುಚ್ಚಿಬಿಡು, ಪುಣ್ಯ ಬರುತ್ತೆ" ಎಂದರು. ಕಳಿಸಿದ್ದ ಪ್ರಬಂಧ ಅಚ್ಚಾಗಲು ಒಂದೇ ವಾರವಿತ್ತು.

ಒಂದು ಮಧ್ಯಾಹ್ನ ಮರೆತ ಪೆನ್ನಿಗಾಗಿ ಡಾಕ್ಟರಮ್ಮ ಗೂಡಿನ ಕೋಣೆಗೆ ಹೋದರು. ಗೂಡಿನಕ್ಕ ಸ್ಟೂಲಿನ ಮೇಲೆ ಕೂತು, ತಲೆಗೆ ಪಟ್ಟಿ ಹಚ್ಚಿದ್ದ ಮರಿಯೊಂದನ್ನು ಎರಡೂ ಅಂಗೈಯ ನಡುವೆ ಹಿಡಿದು ಮಾತಾಡಿಸುತ್ತಿದ್ದರು. ಮಡಿಲಲ್ಲಿ ಇನ್ನೂ ನಾಲ್ಕು.

"ಇದೇನಕ್ಕ?"

"ಪಾಪ, ತಲೆಗೆ ಸೂಜಿ ಚುಚ್ಚಿಸ್ಕೊಂಡಿವೆ. ಒಂದಿಷ್ಟು ಹೊತ್ತು ಹಿಡ್ಕೊಂಡ್ರೆ ಸಮಾಧಾನ ಆಗ್ತವೆ."

"ದಿನಾ ಹಿಡ್ಕೋತೀರಾ?"

"ದಿನಾ."

"ಸೂಜಿ ಹಾಕಿಲ್ಲದ ಮರಿಗಳನ್ನ?"

"ಅವಕ್ಕೇನಾಗಿದೆ? ಗುಂಡುಕಲ್ಲಿನಂಗೆ ಇದಾವೆ."

ಡಾಕ್ಟರಮ್ಮ ಪಕ್ಕದ ಚೀಲದ ಮೇಲೆ ಕೂತುಬಿಟ್ಟರು. ಮರಿಗಳು ಚುರುಕಾದದ್ದು ಜೀವಕೋಶದಿಂದಲೋ, ಅಕ್ಕನ ಅಂಗೈಯಿಂದಲೋ? ಎರಡೂ ಒಟ್ಟಿಗೇ ಸಿಕ್ಕಿದ್ದರಿಂದ ಹೇಳಲು ದಾರಿಯಿರಲಿಲ್ಲ. ಗೂಡಿನಕ್ಕನಿಗೆ ಏನೋ ಎಡವಟ್ಟಾಗಿದೆಯೆಂದು ತಿಳಿಯಿತು. "ನಾನೇನಾದ್ರೂ ತಪ್ಪು ಮಾಡಿದ್ನಾ ಅಮ್ಮಾ?" ಎಂದು ಕೇಳುವಾಗ ಅವರ ಮುಖ ಸಣ್ಣದಾಗಿತ್ತು.

"ತಪ್ಪು ನನ್ನದು. ಈ ಕೋಣೆಯಲ್ಲಿ ಏನು ನಡೆಯುತ್ತೆ ಅಂತ ನಾನು ಒಂದು ದಿನಾನೂ ಕೇಳಲಿಲ್ಲ" ಎಂದರು ಡಾಕ್ಟರಮ್ಮ.

ಮರುದಿನ ಪ್ರಬಂಧವನ್ನು ಹಿಂದಕ್ಕೆ ತರಿಸಿಕೊಂಡರು. ನಿರ್ದೇಶಕರು ತಲೆ ಮೇಲೆ ಕೈಹೊತ್ತು ಕೂತರು. "ಆ ಹೆಂಗಸನ್ನ ಬೇರೆ ವಿಭಾಗಕ್ಕೆ ಹಾಕೋಣ" ಎಂದೂ ಹೇಳಿ ನೋಡಿದರು. "ಅವರಿಲ್ಲದೆ ಮುಂದಿನ ಪ್ರಯೋಗವೇ ಆಗಲ್ಲ ಸಾರ್" ಎಂದರು ಡಾಕ್ಟರಮ್ಮ. ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಮೂರನೆಯ ದಿನ ಗಂಡನ ಚೌಕುಳಿ ಪುಸ್ತಕ ಕಿತ್ತುಕೊಂಡು ನಾಲ್ಕು ಚೌಕ ಎಳೆದರು.

ಮಾತ್ರೆಯ ಮದ್ದು ತಗುಲಿದ ಮರಿಗಳಲ್ಲಿ ನಾಲ್ಕು ಗುಂಪು, ಗುಂಪಿಗೆ ನಲವತ್ತು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಅಂಗೈ ಮಾತ್ರ, ಒಂದಕ್ಕೆ ಜೀವಕೋಶ ಮಾತ್ರ, ಒಂದಕ್ಕೆ ಎರಡೂ. ಸೂಜಿ ಮಾತ್ರ ಎಲ್ಲಕ್ಕೂ. ಜೀವಕೋಶ ಬೇಡದವಕ್ಕೆ ಬರೀ ಉಪ್ಪುನೀರು. ಯಾವ ಮರಿಗೆ ಜೀವಕೋಶ, ಯಾವುದಕ್ಕೆ ಉಪ್ಪುನೀರು ಎಂದು ಬರೆದ ಪಟ್ಟಿ ಗ್ರಂಥಪಾಲಕರ ಬೀರುವಿನಲ್ಲಿ ಬೀಗದೊಳಗಿತ್ತು. ಗೂಡಿನಕ್ಕನ ಕೈಗೆ ಒಂದು ಗಡಿಯಾರ ಬಂತು: ಹೊತ್ತಿಗೆ ಹನ್ನೆರಡು ನಿಮಿಷ, ದಿನಕ್ಕೆರಡು ಸಲ.

"ಗಡಿಯಾರ ನೋಡ್ಕೊಂಡು ಮುದ್ದು ಮಾಡೋದು ಹೆಂಗಮ್ಮಾ?" ಎಂದು ಗೊಣಗಿದರು ಅಕ್ಕ. ಅವರಿಗೆ ಕಷ್ಟವಾದದ್ದು ಅದಲ್ಲ, ಎತ್ತಿಕೊಳ್ಳಬಾರದ ಮರಿಗಳದ್ದು. ಅವಕ್ಕೆ ನುಚ್ಚು ಹಾಕುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಆದರೂ ಒಂದು ನಿಮಿಷ ಹೆಚ್ಚುಕಡಿಮೆ ಮಾಡಲಿಲ್ಲ.

ಎರಡು ವರ್ಷದ ಮೇಲೆ ಗ್ರಂಥಪಾಲಕರು ಬೀಗ ತೆಗೆದು ಪಟ್ಟಿ ಓದಿದರು. ಏನೂ ಸಿಗದ ನಲವತ್ತರಲ್ಲಿ ಡಬ್ಬಿ ಗುರುತಿಸಿದವು ಇಪ್ಪತ್ತು, ಅಂದರೆ ಕಣ್ಣು ಮುಚ್ಚಿ ಆರಿಸಿದಷ್ಟೇ. ಅಂಗೈ ಮಾತ್ರ ಸಿಕ್ಕವು ಇಪ್ಪತ್ತೈದು. ಜೀವಕೋಶ ಮಾತ್ರ ಸಿಕ್ಕವು ಇಪ್ಪತ್ತೆಂಟು. ಎರಡೂ ಸಿಕ್ಕವು ಮೂವತ್ತಮೂರು. ಹೋಲಿಸಿ ನೋಡಲೆಂದು ಇಟ್ಟಿದ್ದ ನಲವತ್ತು ಹುಟ್ಟಾ ಆರೋಗ್ಯವಂತ ಮರಿಗಳಿಗಿಂತ ಒಂದು ಕಡಿಮೆ. ಗ್ರಂಥಪಾಲಕರು ಓದು ನಿಲ್ಲಿಸಿ ತಲೆಯೆತ್ತಿದಾಗ ಡಾಕ್ಟರಮ್ಮ, ಗೂಡಿನಕ್ಕ ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಇನ್ನೂ ವಿಚಿತ್ರ. ಚುಚ್ಚಿದ ಜೀವಕೋಶಗಳಲ್ಲಿ ಹೆಚ್ಚಿನವು ವಾರದೊಳಗೇ ಸತ್ತುಹೋಗಿದ್ದವು. ಸುತ್ತ ಮೊಳೆತಿದ್ದುದು ಮರಿಯ ಸ್ವಂತ ಹೊಸ ಕೋಶಗಳು. ಡಾಕ್ಟರಮ್ಮ ಅದನ್ನು ಅಕ್ಕನಿಗೆ ಹೀಗೆ ಹೇಳಿದರು: "ನೆಂಟರು ಬಂದು ಎರಡು ದಿನ ಇದ್ದು ಹೊರಟುಹೋದ್ರು. ಅವರು ಬಂದಿದ್ದೇ ನೆಪ, ಮನೆಯವರು ಎದ್ದು ಮನೆಯೆಲ್ಲ ಒಪ್ಪ ಮಾಡ್ಕೊಂಡ್ರು."

"ನೆಂಟರು ಬರೋದು ಇನ್ಯಾಕೆ ಮತ್ತೆ?" ಎಂದರು ಅಕ್ಕ.

ಪ್ರಬಂಧದಲ್ಲಿ ಎರಡನೆಯ ಹೆಸರು ಗೂಡಿನಕ್ಕನದೇ. ಅಚ್ಚಾದ ಪುಟವನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಎಷ್ಟು ಜನ ಓದ್ತಾರಮ್ಮಾ?"

"ಲೋಕದಲ್ಲೆಲ್ಲ ಸೇರಿ ಒಂದು ನಲವತ್ತು ಜನ."

"ನನ್ನ ಮದುವೆಗೂ ಅಷ್ಟೇ ಜನ ಬಂದಿದ್ದು" ಎಂದು ಪುಟವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಓದಿದ ಆ ನಲವತ್ತು ಜನರಲ್ಲಿ ಒಬ್ಬ ಪತ್ರಿಕೆಯವನೂ ಇದ್ದ. 'ಹುಟ್ಟುದೋಷಕ್ಕೆ ಮದ್ದು' ಎಂದು ದಪ್ಪಕ್ಷರದಲ್ಲಿ ಬರೆದ. ಅದನ್ನು ನಂಬಿಕೊಂಡು ಗಂಡ ಹೆಂಡತಿ ಇಬ್ಬರು ಮೂರು ತಿಂಗಳ ಹೆಣ್ಣುಕೂಸಿನೊಡನೆ ಬಂದರು. ಅದೇ ಫಿಟ್ಸ್ ಮಾತ್ರೆಯ ಕಥೆ. ಡಾಕ್ಟರಮ್ಮ ಕನ್ನಡಕ ಹಾಕಿಕೊಂಡೇ, ಅವರ ಮುಖ ನೋಡಿಕೊಂಡೇ ಮಾತಾಡಿದರು. "ಮರಿಗೆ ಮಾಡಿದ್ದನ್ನ ಮಗೂಗೆ ಮಾಡೋಕೆ ಇನ್ನೂ ಬಹಳ ವರ್ಷ ಬೇಕು. ನಿಮ್ಮ ಮಗಳಿಗೆ ಅದು ಸಿಗದೇ ಇರಬಹುದು. ಸುಳ್ಳು ಹೇಳಿ ಕಳಿಸೋದು ನನ್ನ ಕೈಲಾಗಲ್ಲ."

"ಅಲ್ಲಿವರೆಗೆ ನಾವೇನು ಮಾಡೋದು?" ಎಂದ ತಂದೆ.

"ಎತ್ಕೊಳ್ಳಿ, ಮಾತಾಡಿಸಿ. ವಾಸಿಯಾಗುತ್ತೆ ಅಂತ ಹೇಳ್ತಿಲ್ಲ, ಮಕ್ಕಳಲ್ಲಿ ಯಾರೂ ಇದನ್ನ ಅಳೆದು ನೋಡಿಲ್ಲ" ಎಂದರು. ಅವರು ಹೋದ ಮೇಲೆ ಆ ಕೊನೆಯ ಮಾತು ಡಾಕ್ಟರಮ್ಮನಿಗೇ ಚುಚ್ಚಿತು. ಅಳೆದು ನೋಡಿಲ್ಲವೆಂದರೆ ನೋಡಬೇಕಲ್ಲ! ತಾವು ಹಿಂದೆ ಬಿಟ್ಟುಬಂದ ಮಕ್ಕಳ ಆಸ್ಪತ್ರೆಗೇ ಮತ್ತೆ ಹೋದರು.

ಅಲ್ಲಿ ಐದು ವರ್ಷ ಆ ಕೆಲಸ ನಡೆಯಿತು. ಇಂಥ ಕೂಸುಗಳ ತಾಯಿ ತಂದೆಯರಿಗೆ ದಿನಾ ಇಷ್ಟು ಹೊತ್ತು ಎತ್ತಿಕೊಂಡು ಆಡಿಸುವ ಕ್ರಮ ಕಲಿಸಿ, ಎರಡು ವರ್ಷ ತುಂಬಿದಾಗ ಮಕ್ಕಳ ನೆನಪನ್ನು ಅಳೆದರು. ಪವಾಡವೇನೂ ಆಗಲಿಲ್ಲ. ಆದರೆ ಕೈಯಲ್ಲಿ ಬೆಳೆದ ಮಕ್ಕಳು ಉಳಿದವರಿಗಿಂತ ಒಂದಿಷ್ಟು ಮುಂದಿದ್ದರು, ಮತ್ತು ಆ ಒಂದಿಷ್ಟು ನಿಜವಾಗಿತ್ತು. ಮೂರು ತಿಂಗಳಿಗೆ ಬಂದಿದ್ದ ಆ ಹೆಣ್ಣುಕೂಸು ಈಗ ತನ್ನ ಚಪ್ಪಲಿಯ ಎಡಬಲ ತಪ್ಪುತ್ತಿರಲಿಲ್ಲ. ಅದನ್ನು ಹೇಳಲೆಂದೇ ಅವಳ ತಂದೆ ಒಂದು ದಿನ ರಜೆ ಹಾಕಿ ಬಂದಿದ್ದ.

ಜೀವಕೋಶದ ಕೆಲಸವೂ ನಿಂತಿಲ್ಲ. ಕೋಳಿಮರಿಯಿಂದ ಕುರಿಮರಿಗೆ ಏರಿದೆ, ಡಾಕ್ಟರಮ್ಮನ ಶಿಷ್ಯೆ ಅದರ ಹಿಂದೆ ಬಿದ್ದಿದ್ದಾಳೆ. ಡಾಕ್ಟರಮ್ಮ ನಿವೃತ್ತರಾದರೂ ವಾರಕ್ಕೆರಡು ದಿನ ಮಹಡಿ ಹತ್ತುತ್ತಾರೆ, ಶಿಷ್ಯೆಯ ಪಟ್ಟಿಗಳಲ್ಲಿ ತಪ್ಪು ಹುಡುಕಿ ಸಂತೋಷಪಡುತ್ತಾರೆ. ಮೊನ್ನೆ ಒಂದು ತಪ್ಪೂ ಸಿಗಲಿಲ್ಲವಂತೆ. ಮನೆಗೆ ಬಂದು ಗಂಡನಿಗೆ ಅದನ್ನೇ ಹೇಳಿಕೊಂಡು, ಎರಡು ಲೋಟ ಚಹಾ ಕುಡಿದು, ಇನ್ನೂ ಬಿಸಿಲಿರುವಾಗಲೇ ಕಾಲು ಚಾಚಿ ನಿದ್ದೆ ಮಾಡಿದರು.