ಮಹಡಿ ಮನೆ ಬಾಡಿಗೆಗಿದೆ, ಕೆಳಗೆ ಹಿಸ್ಟರಿ ಟೀಚರ್ ಇದ್ದಾರೆ

ಕಳೆದ ಗುರುವಾರ ನನ್ನದೇ ಕ್ಲಾಸಿನ ಸ್ಮಾರ್ಟ್‌ಬೋರ್ಡ್ ಮೇಲೆ, ಆರಡಿ ಅಗಲಕ್ಕೆ, ನಾನೇ ಬರೆದ ನಾಲ್ಕಾರು ಸಾಲು ಬಂದು ಕೂತವು. ಮೇಲೆ ಕೆಂಪಕ್ಷರದಲ್ಲಿ 'ಎವಿಡೆನ್ಸ್ ನಂಬರ್ ಸೆವೆನ್' ಎಂದಿತ್ತು.

ಇಪ್ಪತ್ತಾರು ಮಕ್ಕಳು ಅದನ್ನು ಓದಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ ಸ್ವಾಮಿ, 'ಅಯ್ಯೋ ಪಾಪ' ಅನ್ನುವ ಹಾಗೆ! ಅಲ್ಲಿಂದ ಶುರುವಾಯಿತು ನನ್ನ ತಲೆ ಕೆಡುವುದು. ಇವತ್ತು ಭಾನುವಾರ, ಇನ್ನೂ ಸರಿಹೋಗಿಲ್ಲ.

ನಿಮಗೆ ಗೊತ್ತೇ ಇದೆ, ನಾನು ನ್ಯೂಜೆರ್ಸಿಯ ಒಂದು ಹೈಸ್ಕೂಲಿನಲ್ಲಿ ಎಪಿ ಹಿಸ್ಟರಿ ಹೇಳಿಕೊಡುತ್ತೇನೆ. ಎಪಿ ಎಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ. ಓದುವ ಮಕ್ಕಳು ತೆಗೆದುಕೊಳ್ಳುತ್ತಾರೆ, ಇಲ್ಲವೇ ಅವರ ಅಪ್ಪ-ಅಮ್ಮ ತೆಗೆಸುತ್ತಾರೆ. ನನ್ನ ಪಾಲಿಗೆ ಬಂದಿರುವುದು ಇಪ್ಪತ್ತನೇ ಶತಮಾನದ ಅಮೆರಿಕ. ಓಕ್ ಟ್ರೀ ರೋಡಿನ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುವಾಗ ಸಿಗುವ ನಮ್ಮವರಿಗೆ ಇದು ಇನ್ನೂ ಅರಗಿಲ್ಲ. "ಹಿಸ್ಟರಿನಾ? ಇವರ ಹಿಸ್ಟರಿನ ಇವರಿಗೇ? ಮೈಸೂರಿಂದ ಬಂದು?" ಎನ್ನುತ್ತಾರೆ. ಯಾಕೆ, ಮ್ಯಾತ್ಸ್ ಟೀಚರ್ ಆಗಿದ್ದರೆ ಮೈಸೂರಿನ ಮ್ಯಾತ್ಸ್ ಹೇಳಿಕೊಡುತ್ತಿದ್ದೆನೇ?

ಇರಲಿ. ಈ ತಿಂಗಳ ಪಾಠ ಮನೆಗಳದ್ದು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮರಳಿದರು, ಊರಾಚೆ ಸಾಲುಸಾಲು ಹೊಸ ಮನೆಗಳೆದ್ದವು. ಎಲ್ಲರಿಗೂ ಅಲ್ಲ. ಕಪ್ಪು ಜನರಿದ್ದ ಬೀದಿಗಳಿಗೆ ನಕ್ಷೆಯ ಮೇಲೆ ಕೆಂಪು ಬಳಿದು, ಅಲ್ಲಿಗೆ ಸಾಲ ಕೊಡುತ್ತಿರಲಿಲ್ಲ. ಎಷ್ಟೋ ಕ್ರಯಪತ್ರಗಳಲ್ಲೇ 'ಇಂಥವರಿಗೆ ಮಾರಕೂಡದು' ಎಂದು ಬರೆದಿರುತ್ತಿತ್ತು. ಪೇಪರಿನ ಜಾಹೀರಾತಿನಲ್ಲಾದರೆ 'ರಿಸ್ಟ್ರಿಕ್ಟೆಡ್' ಎಂಬ ಒಂದು ಪದ ಸಾಕಿತ್ತು. ಯಾರು ಬರಬಾರದು ಎಂದು ಓದಿದವರಿಗೆ ತಿಳಿಯುತ್ತಿತ್ತು.

ಈ ಪಾಠಕ್ಕೆಂದೇ ನನ್ನ ಹತ್ತಿರ ಒಂದು ಸ್ವಂತ ಕಥೆ ಇದೆ. ಪ್ರತಿ ವರ್ಷ ಹೇಳುತ್ತೇನೆ. ಮದುವೆಯಾಗಿ ಹೊಸದಾಗಿ ಬಂದಾಗ ನಾನೂ ನನ್ನ ಗಂಡನೂ ಫೋರ್ಟ್ ಲೀಯಲ್ಲಿ, ಸೇತುವೆ ಕಾಣುವ ಒಂದು ಅಪಾರ್ಟ್‌ಮೆಂಟ್ ನೋಡಲು ಹೋಗಿದ್ದೆವು. ಮನೆಯೊಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಯವಾಗಿ ನಗುತ್ತಾ "ಡು ಯೂ ಕುಕ್ ಎ ಲಾಟ್?" ಎಂದು ಕೇಳಿದಳು. ನಮ್ಮ ಒಗ್ಗರಣೆ ವಾಸನೆ ಗೋಡೆಗೆ ಹತ್ತಿಕೊಳ್ಳುತ್ತದಂತೆ! ನಾನು ತಲೆಯೆತ್ತಿಕೊಂಡು ಹೊರಗೆ ಬಂದೆ ಎನ್ನುವಲ್ಲಿಗೆ ಕಥೆ ಮುಗಿಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟುವುದೊಂದು ಬಾಕಿ.

ಈ ಸಲವೂ ಕಥೆ ಹೇಳಿದೆ. ಅದೇ ಜೋಶ್‌ನಲ್ಲಿ ಹೋಮ್‌ವರ್ಕ್ ಕೊಟ್ಟೆ. ಹಳೇ ಕಾಲದ ಒಂದು ಮನೆ ಜಾಹೀರಾತು, ಈಗಿನದೊಂದು. ಪಕ್ಕಪಕ್ಕ ಇಟ್ಟು ಏನು ಬದಲಾಗಿದೆ ಹೇಳಿ. "ಇತಿಹಾಸ ಲೈಬ್ರರಿಯಲ್ಲಿ ಮಾತ್ರ ಇರುವುದಿಲ್ಲ, ನಿಮ್ಮ ಮನೆಯವರ ಫೋನಿನಲ್ಲೂ ಹುಡುಕಿ" ಎಂದು ಡೈಲಾಗ್ ಬೇರೆ ಹೊಡೆದೆ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆಯೋದು ಅಂತಾರಲ್ಲ, ಅದು ಇದೇ ನೋಡಿ.

ಗುರುವಾರ ಎದ್ದು ನಿಂತವಳು ಅನಘಾ. ಬೆಂಗಳೂರಿನವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ಮಾತು ಕಡಿಮೆ, ಕೈಬರಹ ಮುತ್ತು. ಅವಳ ಅಮ್ಮನೂ ನಾನೂ ಒಂದೇ ಕನ್ನಡ ವಾಟ್ಸ್ಆ್ಯಪ್ ಗ್ರೂಪಿನಲ್ಲಿದ್ದೇವೆ. (ಈಗ ನಿಮಗೆ ವಾಸನೆ ಬಡಿದಿರಬೇಕು. ನನಗೆ ಆಗಲೂ ಬಡಿದಿರಲಿಲ್ಲ.)

ಎಡಗಡೆ ಹಳೇ 'ರಿಸ್ಟ್ರಿಕ್ಟೆಡ್' ಜಾಹೀರಾತು. ಬಲಗಡೆ ಅವಳು ಇಂಗ್ಲಿಷ್ ಅನುವಾದದ ಜೊತೆ ತೋರಿಸಿದ್ದು ಇದು:

ಮಹಡಿ ಮನೆ ಬಾಡಿಗೆಗಿದೆ. ಟೂ ಬೆಡ್‌ರೂಮ್, ಓಕ್ ಟ್ರೀ ರೋಡಿಗೆ ನಡೆದು ಹೋಗಬಹುದು. ಪ್ಯೂರ್ ವೆಜ್ ಫ್ಯಾಮಿಲಿಗೆ ಮಾತ್ರ. ಕನ್ನಡದವರಿಗೆ ಆದ್ಯತೆ. ವಾಸನೆ ಬರುವ ಅಡುಗೆ ಬೇಡ. ಓನರ್ ಕೆಳಗೇ ಇದ್ದಾರೆ.

ಓನರ್ ಕೆಳಗೇ ಇದ್ದಾರೆ. ಹೌದು, ಇದ್ದಾರೆ. ಆ ಕ್ಷಣಕ್ಕೆ ಬೋರ್ಡಿನ ಪಕ್ಕದಲ್ಲೂ ಇದ್ದರು.

ನಾನು ಇದನ್ನು ಯೋಚಿಸಿ ಬರೆದಿದ್ದೆನೇ? ಇಲ್ಲ ಕಣ್ರೀ. ಮಹಡಿಯ ಮೇಲಿದ್ದವರು ಸ್ವಂತ ಮನೆ ಕೊಂಡು ಹೋದರು. ಅವತ್ತೇ ಗ್ರೂಪಿನಲ್ಲಿ ಹಿಂದೆ ಯಾರೋ ಹಾಕಿದ್ದ ಜಾಹೀರಾತನ್ನು ಎತ್ತಿಕೊಂಡೆ, ರಸ್ತೆ ಬದಲಾಯಿಸಿದೆ, ಕಳಿಸಿದೆ. ಒಲೆ ಮೇಲೆ ಹಾಲಿತ್ತು. ಎಲ್ಲರೂ ಹೀಗೇ ಹಾಕುತ್ತಾರೆ, ನಾನೂ ಹಾಕಿದೆ. ಆದರೆ 'ಎಲ್ಲರೂ ಹೀಗೇ ಮಾಡ್ತಿದ್ರು' ಎಂದು ಪರೀಕ್ಷೆಯಲ್ಲಿ ಯಾವ ಮಗುವಾದರೂ ಬರೆದರೆ ನಾನು ಅರ್ಧ ಮಾರ್ಕು ಕಡಿಯುತ್ತೇನಲ್ಲ?

"ಹೆಸರು, ನಂಬರ್ ತೆಗೆದಿದ್ದೀನಿ. ಪ್ರೈವಸಿ ಮುಖ್ಯ ಅಂತ ನೀವೇ ಹೇಳಿದ್ರಲ್ಲ" ಎಂದಳು ಅನಘಾ. (ಮಕ್ಕಳು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ.) ಆಮೇಲೆ ಶಾಂತವಾಗಿ ಮುಂದುವರಿಸಿದಳು. ಓನರ್ ಅದೇ ಮನೆಯಲ್ಲಿದ್ದರೂ ಇಂಥ ಮೂಲದವರೇ ಬೇಕೆಂದು ಜಾಹೀರಾತಿನಲ್ಲಿ ಬರೆಯುವಂತಿಲ್ಲ, ಕಾನೂನಿದೆ. "ಪ್ರಾಬಬ್ಲಿ ಈ ಓನರ್‌ಗೆ ಗೊತ್ತಿಲ್ಲ" ಎಂದಳು. ಆ ಕಾನೂನನ್ನು ಹೋದ ವಾರವಷ್ಟೇ ಈ ಓನರ್ ಅದೇ ಬೋರ್ಡಿನ ಮೇಲೆ ಬರೆದು ಎರಡು ಸಲ ಅಡಿಗೆರೆ ಎಳೆದಿದ್ದರು.

ಹಿಂದಿನ ಸಾಲಿನಿಂದ ಮಾರ್ಕಸ್ ಕೈಯೆತ್ತಿದ. ಉದ್ದನೆಯ ಕಪ್ಪು ಹುಡುಗ, ಕ್ಲಾಸಿನಲ್ಲಿ ಅತ್ಯಂತ ಒಳ್ಳೆಯ ಪ್ರಶ್ನೆಗಳು ಅವನವೇ. "ಪ್ಯೂರ್ ವೆಜ್ ಅಂದ್ರೆ ಏನು? ಇಂಪ್ಯೂರ್ ವೆಜ್ ಅಂತ ಬೇರೆ ಇರುತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಮುಂದಿನ ಬೆಂಚಿನ ಹುಡುಗನೊಬ್ಬ ಓನರ್ ಪರ ನಿಂತ. "ಊಟ ಬೇರೆ, ರೇಸ್ ಬೇರೆ. ನಾಯಿ ತರಬೇಡಿ ಅಂತ ಹಾಕಲ್ವಾ, ಹಾಗೆ." ಭೇಷ್ ಮಗನೇ ಎಂದುಕೊಂಡೆ ಒಳಗೊಳಗೇ.

ಮಾರ್ಕಸ್ ಬಿಡಲಿಲ್ಲ. ಅವನ ಅಜ್ಜಿ ಇದೇ ಜೆರ್ಸಿಯಲ್ಲಿ ಮನೆ ಕೇಳಲು ಹೋದಾಗ ಯಾರೂ ಬಣ್ಣದ ಮಾತೆತ್ತಿರಲಿಲ್ಲವಂತೆ. "ನಮ್ಮ ಬೀದಿ ಬಹಳ ಸೈಲೆಂಟ್, ನಿಮಗೆ ಹೊಂದಲ್ಲ" ಅಂದಿದ್ದರಂತೆ. ಅಷ್ಟು ಹೇಳಿ ನನ್ನನ್ನೇ ನೋಡಿ ಕೇಳಿದ: "ಮಿಸೆಸ್ ಕೆ, ನಾನು ನಾಳೆಯಿಂದ ವೆಜಿಟೇರಿಯನ್ ಆದರೆ ಈ ಮನೆ ನನಗೆ ಸಿಗುತ್ತಾ?"

ಏನು ಹೇಳಲಿ? ಸಿಗುತ್ತದೆ ಎಂದರೆ ಸುಳ್ಳು. ಸಿಗುವುದಿಲ್ಲ ಎಂದರೆ ನಿಮಗೆ ಹೇಗೆ ಗೊತ್ತು ಎನ್ನುತ್ತಾನೆ.

"ಗುಡ್ ಕ್ವೆಶ್ಚನ್. ಲೆಟ್ಸ್ ಹೋಲ್ಡ್ ದಟ್ ಥಾಟ್" ಎಂದೆ. ಉತ್ತರ ಗೊತ್ತಿಲ್ಲದ, ಇಲ್ಲವೇ ತುಂಬಾ ಚೆನ್ನಾಗಿ ಗೊತ್ತಿರುವ ಟೀಚರುಗಳೆಲ್ಲ ಹೇಳುವ ಮಾತು ಅದು.

ಆಗ ಅನಘಾ 'ವಾಸನೆ' ಎಂಬ ಪದಕ್ಕೆ ಸುತ್ತು ಹಾಕಿದಳು. "ಇದು ಮಿಸೆಸ್ ಕೆ ಅವರ ಫೋರ್ಟ್ ಲೀ ಕಥೆಯೇ ಅಲ್ವಾ? ಅದೇ ಪಾಯಿಂಟ್." ಇಡೀ ಕ್ಲಾಸು ನನ್ನ ಕಡೆ ತಿರುಗಿದ್ದು ಆವಾಗ. ಅಷ್ಟರಲ್ಲಿ ಬೆಲ್ ಹೊಡೆಯಿತು. ಮಾರ್ಕಸ್ ಬ್ಯಾಗ್ ಏರಿಸಿಕೊಂಡು ನನ್ನ ಮೇಜಿನ ಹತ್ತಿರ ಬಂದ. "ನಿಮಗೆ ಇದನ್ನ ನೋಡಿ ಬೇಜಾರಾಗಿರಬೇಕು. ಸಾರಿ" ಎಂದ. ನಾನು "ಥ್ಯಾಂಕ್ ಯೂ, ಮಾರ್ಕಸ್" ಎಂದೆ. ಎಂದೆ ಕಣ್ರೀ! ಆ ಹುಡುಗನ ಅನುಕಂಪವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ನಾಚಿಕೆಯಿಂದ ಸ್ಟಾಫ್ ರೂಮಿಗೂ ಹೋಗದೆ ಕಾರಿನಲ್ಲಿ ಕೂತು ಮೊಸರನ್ನ ತಿಂದೆ.

ಸಂಜೆ ಗಂಡನಿಗೆ ಹೇಳಿದೆ. ನಮ್ಮವರು ಧಾರವಾಡದವರು, ಪಿಸ್ಕಾಟವೇಯ ಟೆಲಿಕಾಂ ಆಫೀಸಿನಲ್ಲಿ ಕೆಲಸ. "ನಮ್ಮ ಮನಿ ಅದ, ನಮಗ ಬೇಕಾದವರಿಗೆ ಕೊಡ್ತೀವಿ. ಇದರಾಗ ಹಿಸ್ಟರಿ ಎಲ್ಲಿಂದ ಬಂತು?" ಎಂದರು. ಪಾಪ, ಇವರಿಗೆ ಮಾತಾಡುವ ಹಕ್ಕೇ ಇಲ್ಲ. ನಮ್ಮ ಮನೆ ಪ್ಯೂರ್ ವೆಜ್, ಯಜಮಾನರು ಅಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ಚಿಕನ್ ನಡೆಯುತ್ತದೆ, ಅದು ನನಗೂ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು.

"ಫೋರ್ಟ್ ಲೀಯಲ್ಲಿ ಆ ಹೆಂಗಸು ಕೇಳಿದಾಗ ನಮಗೆ ಹೇಗನಿಸಿತ್ತು? ನಾನು ತಲೆಯೆತ್ತಿ ಹೊರಗೆ ಬಂದಿದ್ದೆ" ಎಂದೆ.

ಅವರು ಟಿವಿ ಮ್ಯೂಟ್ ಮಾಡಿದರು. "ಯಾವಾಗ ಬಂದೀ? 'ನೋ ನೋ, ಬರೇ ಸ್ಯಾಂಡ್‌ವಿಚ್ ತಿಂತೀವಿ' ಅಂದಿ. ಅಲ್ಲೇ ಸೈನ್ ಮಾಡಿದ್ವಿ. ಎರಡು ವರ್ಷ ಅಲ್ಲೇ ಇದ್ದಿವಲ್ಲ! ಜನವರಿ ಥಂಡ್ಯಾಗ ಕಿಟಕಿ ತಗದು ಸಾರಿಗೆ ಒಗ್ಗರಣಿ ಹಾಕ್ತಿದ್ದಿ, ಮರತ್ಯಾ?"

ಮರೆತಿದ್ದೆ. ನಿಜವಾಗಿಯೂ ಮರೆತಿದ್ದೆ. ವರ್ಷಕ್ಕೊಂದು ಸಲ ಹೇಳಿ ಹೇಳಿ, ಹೊರಗೆ ಬಂದವಳೇ ನಾನು ಎಂದು ನಂಬಿಬಿಟ್ಟಿದ್ದೆ. ಕೋಟು ಹಾಕಿಕೊಂಡು ಒಲೆ ಮುಂದೆ ನಿಂತವಳು ಯಾರು ಹಾಗಾದರೆ? ಹಿಸ್ಟರಿ ಟೀಚರಿನ ಹಿಸ್ಟರಿಯೇ ಇಷ್ಟು ಚೆಂದ ಇದ್ದರೆ ಮಿಕ್ಕವರ ಗತಿ ಏನು? "ಪುರಾಣ ಹೇಳೋದಕ್ಕ, ಬದನೀಕಾಯಿ ತಿನ್ನೋದಕ್ಕ" ಎಂದು ಇವರು ಮತ್ತೆ ಟಿವಿ ಹಚ್ಚಿದರು. ಎಲ್ಲರ ಮನೆ ದೋಸೆ ತೂತಂತೆ. ನಮ್ಮ ಮನೆಯದು ಕಾವಲಿಯೇ ತೂತು.

ಅಷ್ಟರಲ್ಲಿ ಫೋನ್ ಟಿಣ್ ಎಂದಿತು. ಅನಘಾಳ ಅಮ್ಮ. "ಮೇಡಂ, ಅನಘಾ ಪ್ರೆಸೆಂಟೇಶನ್ ಚೆನ್ನಾಗಾಯ್ತಾ? ನಿಮ್ಮ ಮಹಡಿ ಮನೆ ಇನ್ನೂ ಖಾಲಿ ಇದ್ಯಾ? ನನ್ನ ಕಸಿನ್ ಬರ್ತಿದ್ದಾರೆ. ಪ್ಯೂರ್ ವೆಜ್."

ಅಮ್ಮನಿಗೆ ಗೊತ್ತು. ಹಾಗಾದರೆ ಮಗಳಿಗೆ? ಜಾಹೀರಾತಿನ ತಲೆಯ ಮೇಲೆ ನನ್ನ ಹೆಸರಿತ್ತು. ಕತ್ತರಿಸಿದವಳು ಓದದೆ ಕತ್ತರಿಸಿದಳೇ? ನನ್ನನ್ನು ಕಾಪಾಡಿದಳೋ, ಹಿಡಿದುಕೊಟ್ಟಳೋ? ಶುಕ್ರವಾರ ಕ್ಲಾಸಿನಲ್ಲಿ ಅವಳ ಮುಖ ನೋಡಿದೆ, ನಯಾಪೈಸೆ ಸುಳಿವಿಲ್ಲ. ಮನೆಗೆ ಬಂದು ಅವಳ ಪೇಪರ್ ತೆಗೆದೆ. ನನ್ನ ಹೋಮ್‌ವರ್ಕಿನಲ್ಲಿ ಯಾವಾಗಲೂ ಒಂದು ಕೊನೆಯ ಪ್ರಶ್ನೆ ಇರುತ್ತದೆ: ಇದನ್ನು ಬರೆದವರು ಎದುರಿಗೆ ಸಿಕ್ಕರೆ ಏನು ಕೇಳುತ್ತೀರಿ? ಆ ಮುತ್ತಿನಂಥ ಅಕ್ಷರದಲ್ಲಿ ಅವಳು ಬರೆದಿದ್ದಳು: "ನಾನು ಏನೂ ಕೇಳುವುದಿಲ್ಲ. ಅವರು ಹೇಳುವವರೆಗೆ ಕಾಯುತ್ತೇನೆ."

ಇದಕ್ಕೆ ಎಷ್ಟು ಮಾರ್ಕು ಕೊಡುವುದು, ಹೇಳಿ?

ಶುಕ್ರವಾರವೆಲ್ಲ ನನ್ನ ಜೊತೆ ನಾನೇ ಜಗಳವಾಡಿದೆ. ಮೇಲಿನ ಮನೆಯಿಂದ ಕನ್ನಡ ಕೇಳಿಬಂದರೆ ಹಿತ. ಹೆಪ್ಪು ಬೇಕಾದರೆ ಮೆಟ್ಟಿಲು ಹತ್ತಿ ಕೇಳಬಹುದು. ಗೌರಿಹಬ್ಬಕ್ಕೆ ಒಂದು ಬಾಗಿನ ಅಲ್ಲೇ ಮುಗಿಯುತ್ತದೆ. ಪರದೇಶದಲ್ಲಿ ಇಷ್ಟು ಬಯಸುವುದು ತಪ್ಪೇ? ತಪ್ಪಲ್ಲ ಅನಿಸುತ್ತದೆ. ಮರುಕ್ಷಣ, ಆ 'ರಿಸ್ಟ್ರಿಕ್ಟೆಡ್' ಬೀದಿಯ ಹೆಂಗಸರೂ ಹೀಗೇ ಬೇಲಿಯ ಮೇಲೆ ಆಪಲ್ ಪೈ ದಾಟಿಸಿಕೊಂಡು, 'ನಮ್ಮೋರೇ ಇದ್ರೆ ಎಷ್ಟು ಹಿತ' ಅಂದಿರಬೇಕು ಅನಿಸುತ್ತದೆ. ಅವರು ಕೆಟ್ಟವರೆಂದು ಹದಿನೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನನಗೆ ಏನೂ ತಿಳಿಯುತ್ತಿಲ್ಲ.

ಶನಿವಾರ ಬೆಳಿಗ್ಗೆ ಧೈರ್ಯ ಮಾಡಿದೆ. ಅನಘಾಳ ಅಮ್ಮನಿಗೆ "ಕಸಿನ್ ಬಂದು ಮನೆ ನೋಡಲಿ, ಆದರೆ ಎಲ್ಲರಿಗೂ ತೆರೆದಿಟ್ಟಿದ್ದೇನೆ" ಎಂದು ಬರೆದೆ. ಹೊಸ ಜಾಹೀರಾತನ್ನು ಇಡೀ ಊರು ನೋಡುವ ವೆಬ್‌ಸೈಟಿನಲ್ಲಿ ಹಾಕಿದೆ. ಎರಡು ರೂಮು, ಟ್ರೈನ್ ಹತ್ತಿರ, ಯಾರು ಬೇಕಾದರೂ ಬನ್ನಿ. ಎದೆ ಹಗುರಾಯಿತು. ಸೋಮವಾರ ಮೊದಲ ಪೀರಿಯಡ್ಡಿಗೇ ಬೋರ್ಡಿನ ಮುಂದೆ ನಿಂತು, ಹಳೆಯದು ನನ್ನದು, ಹೊಸದೂ ನನ್ನದು, ಮಾರ್ಕಸ್, ಈಗ ನಿನಗೂ ಸಿಗುತ್ತದೆ ಎಂದು ಹೇಳಿಬಿಡುವುದು. ಅತ್ತುಬಿಡುತ್ತೇನೋ ಎಂದು ಕನ್ನಡಿ ಮುಂದೆ ಪ್ರ್ಯಾಕ್ಟೀಸ್ ಕೂಡ ಮಾಡಿದೆ. (ನಗಬೇಡಿ.)

ಇವತ್ತು ಮಧ್ಯಾಹ್ನ ಮೊದಲ ಫೋನು ಬಂತು. ಹೆಸರು ಗ್ರೇಸ್, ಘಾನಾ ದೇಶದವಳು, ಆಸ್ಪತ್ರೆಯಲ್ಲಿ ನರ್ಸ್. ಗಂಡ, ಇಬ್ಬರು ಮಕ್ಕಳು. ಮೆತ್ತನೆಯ ದನಿ, ಮಾತಿಗೊಮ್ಮೆ ಮ್ಯಾಡಮ್. ನಾನು 'ವೆಲ್‌ಕಮ್, ಬಂದು ನೋಡಿ' ಎನ್ನಬೇಕೆಂದು ಬಾಯಿ ತೆರೆದೆ.

"ಡು ಯೂ ಕುಕ್ ಎ ಲಾಟ್?" ಎಂದಿತು ಬಾಯಿ.

ನಾನಲ್ಲ, ಬಾಯಿ. ನಾನು ದಂಗಾಗಿ ಕೇಳುತ್ತಾ ನಿಂತಿದ್ದೆ. ಆ ಕಡೆ ಅವಳು ನಯವಾಗಿ ನಕ್ಕಳು.

"ನೋ, ನೋ, ಮ್ಯಾಡಮ್. ಬರೀ ಸ್ಯಾಂಡ್‌ವಿಚ್."

ಬನ್ನಿ, ಸಂಜೆ ಐದಕ್ಕೆ ಮನೆ ನೋಡಿ ಎಂದು ಹೇಗೋ ಹೇಳಿ ಫೋನ್ ಇಟ್ಟೆ. ನಾಳೆ ಕ್ಲಾಸಿನಲ್ಲಿ ಹೇಳಬೇಕಾದದ್ದು ಈಗ ಇನ್ನೂ ಉದ್ದವಾಯಿತು.

ನಾನು ಫೋರ್ಟ್ ಲೀಯಲ್ಲಿ ಹೇಳಿದ ಸುಳ್ಳನ್ನು ಅವಳಿಗೆ ಅಕ್ಷರ ಬಿಡದಂತೆ ಹೇಳಿಕೊಟ್ಟವರು ಯಾರು, ಈ ಟೀಚರ್ ಅಲ್ಲದೆ?