ಕೈ ಅಡ್ಡ ಹಿಡಿಯದ ಭುಜಂಗಣ್ಣ

ಉದ್ಯಾವರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಂಗಳೂರಿನ ಮೊದಲ ಬಸ್ಸು ಹಾರನ್ ಬಾರಿಸುತ್ತ ಹೆದ್ದಾರಿಯಲ್ಲಿ ಹಾದುಹೋಗುವ ಹೊತ್ತಿಗೆ ಭುಜಂಗಣ್ಣ ಮೊಣಕಾಲಿನ ತನಕ ಪಂಚೆ ಎತ್ತಿ ಕಟ್ಟಿ, ಬಾವಿಕಟ್ಟೆಯಲ್ಲಿ ನಿಂತು, ಒಂದು ಸಿನಿಮಾ ಪರದೆಯನ್ನು ತುಳಿಯುತ್ತಿದ್ದಾರೆ.

ಎರಡು ದಪ್ಪ ಬಿಳಿ ಬಟ್ಟೆಗಳನ್ನು ಪಕ್ಕಪಕ್ಕ ಇಟ್ಟು ಹೊಲಿದ ಪರದೆ ಅದು. ಹೊಲಿಗೆ ನಟ್ಟನಡುವೆ ಬರುವುದರಿಂದ ಈ ಸೀಮೆಯ ಹಳ್ಳಿಗಳಲ್ಲಿ ಸಿನಿಮಾ ನಾಯಕಿಯರಿಗೆಲ್ಲ ಮೂಗಿನ ಮೇಲೊಂದು ಗೆರೆ ಇರುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ಎಲೆಯಡಿಕೆಯ ಉಗುಳು, ಕಾರ್ಕಳದ ಮೈದಾನದ ಕೆಮ್ಮಣ್ಣು, ಪೆರ್ಡೂರಿನಲ್ಲಿ ಮಳೆಗೆ ಸಿಕ್ಕಿದ ಗುರುತು, ಎಲ್ಲವೂ ಸೋಡಾ ಪುಡಿಗೆ ಸೋಲುತ್ತವೆ. ನೀಲಿ ಹಾಕಿ ಹಿಂಡಿ, ಎರಡು ತೆಂಗಿನ ಮರಗಳ ನಡುವಿನ ಹಗ್ಗಕ್ಕೆ ಹರವಿದಾಗ ಉಳಿಯುವುದು ಒಂದೇ: ಬಲಗಡೆ, ಎದೆಯೆತ್ತರದಲ್ಲಿ, ಅಂಗೈಯಗಲದ ಕಂದು ಕಲೆ. ಗೇರುಹಣ್ಣಿನದು. ಅದರ ರಸ ಬಿದ್ದರೆ ಬಟ್ಟೆ ಹರಿದುಹೋದೀತು, ಕಲೆ ಹೋಗದು. ಇದು ಇಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು.

ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿರುವ ಅಕ್ಕ ಅಪ್ಪಿ ತಲೆ ಎತ್ತದೆಯೇ ಹೇಳುತ್ತಾರೆ: "ಅಷ್ಟು ಜಾಗ ಕತ್ತರಿಸಿ ಒಂದು ತೇಪೆ ಹಾಕು ಅಂತ ಎರಡು ವರ್ಷದಿಂದ ಹೇಳ್ತಿದ್ದೇನೆ. ಕೇಳ್ತಾನಾ? ಮೊಂಡ."

"ಮೊಂಡ ಅಲ್ಲಕ್ಕ. ಬಿಸಾಡಿದವರಿಗೆ ಮರೆತುಹೋಗಿರ್ತದೆ. ನನಗೂ ಮರೆತುಹೋಗುವುದು ಬೇಡ ಅಂತ."

ಮೂವತ್ತನಾಲ್ಕರ ಭುಜಂಗಣ್ಣ ಉಡುಪಿಯಲ್ಲಿ ಶೇಖರ ಎಂಬವರ ಮೈಕಿನ ಅಂಗಡಿಯಲ್ಲಿ ಪ್ರೊಜೆಕ್ಟರ್ ಓಡಿಸುವವರು. ಮದುವೆಗೆ ಮೈಕು, ಭೂತಕೋಲಕ್ಕೆ ಟ್ಯೂಬ್‌ಲೈಟು, ಶಾಲೆಗೆ ಸಿನಿಮಾ, ಹೀಗೆ ಎಲ್ಲವನ್ನೂ ಬಾಡಿಗೆಗೆ ಕೊಡುವ ಅಂಗಡಿ. ಹಿತ್ತಾಳೆ ಬೀಗದ ಪೆಟ್ಟಿಗೆಯಲ್ಲಿ ಹದಿನಾರು ಎಂ.ಎಂ. ಪ್ರೊಜೆಕ್ಟರು, ಹೆಗಲಿಗೆ ಮಡಿಸಿದ ಪರದೆ, ಬಸ್ಸಿನ ಹಿಂದಿನ ಸೀಟು. ಕಾಪುವಿನಿಂದ ಕಾರ್ಕಳದ ತನಕ ಅವರು ಬೆಳಕು ಬಿಡದ ಶಾಲಾ ಮೈದಾನ ಕಡಿಮೆ. ದಡಾರದ ಲಸಿಕೆ, ಕುಟುಂಬ ಯೋಜನೆ, ಏಸುವಿನ ಕಥೆ, ಹಳೆಯ ಹಿಂದಿ ಪಿಕ್ಚರು, ಯಾವುದಾದರೂ ಸರಿ. ಭಾಷೆ ಬಾರದ ಜನಕ್ಕೆ ಅವರೇ ಮೈಕು ಹಿಡಿದು ತುಳುವಿನಲ್ಲಿ ಕಥೆ ಹೇಳುತ್ತಾರೆ. ಪರದೆಯ ಮೇಲಿನ ಪಾತ್ರಗಳಿಗೆ ಊರಿಗೆ ಒಗ್ಗುವ ಹೆಸರನ್ನೂ ಇಡುತ್ತಾರೆ. ಪಂಜಾಬಿನ ಡಕಾಯಿತನೊಬ್ಬ ಪೆರ್ಡೂರಿನಲ್ಲಿ ಕೋಟಿ ಎಂಬ ಹೆಸರಿನಿಂದ ಸತ್ತದ್ದುಂಟು.

ಈ ಕೆಲಸಕ್ಕೆ ಇನ್ನೊಂದು ಭಾಗವಿದೆ. ಅದಕ್ಕೆ ಬೇಕಾದದ್ದು ಅಂಗೈ. ಪರದೆಯ ಮೇಲೆ ಗಂಡು ಹೆಣ್ಣು ತೀರಾ ಹತ್ತಿರ ಬಂದರೆ ಮುಂದಿನ ಕುರ್ಚಿಯಿಂದ ಯಾರಾದರೂ ಹಿರಿಯರು "ಕೈ" ಎನ್ನುತ್ತಾರೆ. ಪ್ರೊಜೆಕ್ಟರ್ ಓಡಿಸುವವನು ಲೆನ್ಸಿಗೆ ಅಂಗೈ ಅಡ್ಡ ಹಿಡಿಯಬೇಕು. ಪರದೆ ಕಪ್ಪು, ಹಾಡು ಮಾತ್ರ ನಡೆಯುತ್ತಿರುತ್ತದೆ. ಅಪಾಯ ದಾಟಿದ ಮೇಲೆ ಕೈ ತೆಗೆಯಬೇಕು. ಕೆಲವು ಊರಿನವರು ಬೇಗ ಕೈ ಅನ್ನುತ್ತಾರೆ, ಕೆಲವರು ತಡ ಮಾಡುತ್ತಾರೆ. ಯಾವ ಊರಿನ ಹಿರಿಯರು ಎಷ್ಟು ತಡ ಎಂಬುದನ್ನು ಭುಜಂಗಣ್ಣ ಬಲ್ಲರು, ಹೇಳುವುದಿಲ್ಲ.

"ನನ್ನ ಅಂಗೈ ಎಷ್ಟು ಮುತ್ತು ತಡೆದಿದೆಯೋ ಮಾರಾಯ್ರೆ," ಎಂದು ಪತ್ರಿಕೆಗೆ ಬರೆಯಲು ಬಂದವರಿಗೆ ಅದನ್ನು ಬಿಡಿಸಿ ತೋರಿಸುತ್ತಾರೆ. "ಎಲ್ಲ ಇದರ ಮೇಲೆಯೇ ಬಿದ್ದದ್ದು. ನನಗೆ ಸಿಕ್ಕಿದ್ದು ಅಷ್ಟೇ ಅಂತ ಅಕ್ಕ ತಮಾಷೆ ಮಾಡ್ತಾಳೆ."

ಜಗಲಿಯಲ್ಲಿ ಅಕ್ಕ ನಗುವುದಿಲ್ಲ. ಬೀಡಿಗೆ ನೂಲು ಸುತ್ತುತ್ತಾರೆ.

ಹದಿನೆಂಟರ ಪ್ರಾಯದಲ್ಲಿ ಭುಜಂಗಣ್ಣನಿಗೆ ಕಾಪುವಿನಲ್ಲಿ ಒಬ್ಬ ಗೆಳೆಯನಿದ್ದ. ಟೆಂಟ್ ಸಿನಿಮಾದಲ್ಲಿ ಒಂದೇ ಪೊಟ್ಟಣದ ಕಡ್ಲೆ, ದೀಪಸ್ತಂಭದ ಬಂಡೆಯ ಹಿಂದೆ ಹೆಗಲ ಮೇಲಿನ ಒಂದೇ ಬೈರಾಸು ಹಾಸಿ ಕೂರುವುದು. ಸ್ನೇಹ ಎಂದು ಊರು ಮೆಚ್ಚಿಕೊಂಡಿತ್ತು, ಬಲೆ ಒಣಗಿಸಲು ಬಂದವನೊಬ್ಬ ಬಂಡೆಯ ಹಿಂದೆ ಇಣುಕುವ ತನಕ. ಸುದ್ದಿ ಭುಜಂಗಣ್ಣನಿಗಿಂತ ಮೊದಲು ಉದ್ಯಾವರ ತಲುಪಿತು. ಸೋದರಮಾವ ಬಂದು ಕುಳಿತರು. ಈ ಸೀಮೆಯಲ್ಲಿ ಗಂಡುಮಕ್ಕಳ ಯಾವ ಸಮಸ್ಯೆಗೂ ಎರಡೇ ಮದ್ದು: ಮದುವೆ, ಇಲ್ಲವೇ ಬೊಂಬಾಯಿ. ಗೆಳೆಯನಿಗೆ ಅವನ ಮನೆಯವರು ಮೊದಲನೆಯದನ್ನು ಕುಡಿಸಿದರು. ಭುಜಂಗಣ್ಣನ ಪಾಲಿಗೆ ಎರಡನೆಯದು ಬಂತು.

"ಯಾರೂ ಹೊಡೆಯಲಿಲ್ಲ," ಎನ್ನುತ್ತಾರೆ. "ಹೊಡೆದಿದ್ದರೆ ತಿರುಗಿ ಹೊಡೆಯಬಹುದಿತ್ತು. ಎಲ್ಲರೂ ಒಳ್ಳೆಯ ಮಾತಿನಲ್ಲಿಯೇ ಬಸ್ಸು ಹತ್ತಿಸಿದರು. ಮಾವ ದಾರಿಗೆ ಬಾಳೆಹಣ್ಣು ಸಹ ಕೊಟ್ಟರು."

ಬೊಂಬಾಯಿಯ ಹೋಟೆಲೊಂದರಲ್ಲಿ ವರ್ಷವಿಡೀ ಲೋಟ ತೊಳೆದು ವಾಪಸು ಬಂದರು. ಏಕೆ ಬಂದೆ ಎಂದು ಮಾವ ಕೇಳಿದರಂತೆ. "ನನ್ನ ಊರು, ಬಂದೆ," ಎಂದರಂತೆ. ಅಷ್ಟೇ ಉತ್ತರವನ್ನು ಅವರು ಈಗಲೂ ಕೊಡುತ್ತಾರೆ. ಹೆಣ್ಣು ನೋಡಲು ಕರೆದಾಗ ಹೋಗಲಿಲ್ಲ. "ಒಂದು ಹುಡುಗಿಯ ಬಾಳಿಗೂ ಕೈ ಅಡ್ಡ ಹಿಡಿಯುವುದು ಎಂತಕ್ಕೆ?"

ಇನ್ನು ಪರದೆಗೆ ಆ ಕಲೆ ತಂದ ಚಿತ್ರದ ವಿಷಯ. ಎಂಬತ್ತನಾಲ್ಕರ ಎಪ್ರಿಲ್‌ನಲ್ಲಿ ಮಣಿಪಾಲದ ಸಿನಿಮಾ ಆಸಕ್ತರ ಒಂದು ಬಳಗಕ್ಕಾಗಿ ಬೆಂಗಳೂರಿನಿಂದ ರೀಲು ಬಂತು. ದೂರದ ಚಳಿ ದೇಶದ ಚಿತ್ರ. ಹುಲ್ಲು ಬೆಳೆಯುವ ಹಳ್ಳಿ, ಭಾನುವಾರ ತಪ್ಪದ ಚರ್ಚು, ಮಾತು ಕಡಿಮೆಯ ಅಪ್ಪ. ಅಲ್ಲಿ ಒಬ್ಬ ಹುಡುಗ ದೊಡ್ಡವನಾಗುತ್ತಾನೆ, ಪಕ್ಕದ ಹೊಲದ ಹುಡುಗನ ಮೇಲೆ ಜೀವ ಇಟ್ಟುಕೊಳ್ಳುತ್ತಾನೆ, ಊರಿಗೆ ಗೊತ್ತಾಗುತ್ತದೆ. ಮಣಿಪಾಲದಲ್ಲಿ ಅದನ್ನು ಓಡಿಸುತ್ತ ಭುಜಂಗಣ್ಣನಿಗೆ ರೀಲು ಬದಲಿಸುವುದೇ ಮರೆತುಹೋಯಿತು. ಪರದೆ ಬೆಳ್ಳಗೆ ಉರಿಯುತ್ತಿತ್ತು, ಜನ ಸಿಳ್ಳೆ ಹಾಕಿದರು. ಚಿತ್ರ ಮುಗಿದ ಮೇಲೆ ಬಳಗದವರು ಕಾಫಿ ಕುಡಿಯುತ್ತ ಅದರಲ್ಲಿನ ಮಂಜಿನ ಬಗ್ಗೆ ಬಹಳ ಹೊತ್ತು ಮಾತಾಡಿದರು.

"ನನಗೆ ಮಂಜು ನೆನಪಿಲ್ಲ," ಎನ್ನುತ್ತಾರೆ ಭುಜಂಗಣ್ಣ. "ಅಷ್ಟು ದೂರದಲ್ಲಿಯೂ ಒಬ್ಬ ಉಂಟು ಅಂತ ಗೊತ್ತಾಯಿತಲ್ಲ, ಅದು ನೆನಪುಂಟು."

ಅದೇ ವಾರ ಶಿರ್ವದ ಆಚೆಯ ಒಂದು ಯುವಕ ಮಂಡಲದ ವಾರ್ಷಿಕೋತ್ಸವ. ಅವರು ಕೇಳಿದ್ದ ಭಕ್ತಿಚಿತ್ರದ ರೀಲು ಬರಲಿಲ್ಲ. ಮಂಡಲದ ಕಾರ್ಯದರ್ಶಿ ಜೇಮ್ಸ್ ಮಾಸ್ಟ್ರು ಅಂಗಡಿಗೆ ಬಂದು, ಇದ್ದದ್ದರಲ್ಲಿ ಒಂದು ಕೊಡಿ ಎಂದರು. ಮೇಜಿನ ಮೇಲೆ ಇದೇ ಡಬ್ಬಿ ಇತ್ತು. ಮುಚ್ಚಳದ ಮೇಲೆ ಅಂಟಿಸಿದ ಚಿತ್ರದಲ್ಲಿ ಹುಲ್ಲಿನ ಮೆದೆ, ಎರಡು ದನ, ಹಿಂದೆ ಚರ್ಚಿನ ಗೋಪುರ. ಮಾಸ್ಟ್ರಿಗೆ ಬಹಳ ಹಿಡಿಸಿತು. ಹೈನುಗಾರಿಕೆಯ ಚಿತ್ರ, ಧರ್ಮವೂ ಉಂಟು. ಅಧ್ಯಕ್ಷರಿಗೆ ಮೂರು ಜರ್ಸಿ ದನಗಳಿದ್ದವು. ಇನ್ನೇನು ಬೇಕು?

"ಅವರು ಕೇಳಲಿಲ್ಲ, ನಾನು ಹೇಳಲಿಲ್ಲ," ಎನ್ನುತ್ತಾರೆ ಭುಜಂಗಣ್ಣ. ಹಗ್ಗದ ಮೇಲಿನ ಪರದೆಯ ಮಡಿಕೆ ಬಿಡಿಸುತ್ತ, "ಹೇಳಬಹುದಿತ್ತು. ಬೇಕೆಂದೇ ಹೇಳಲಿಲ್ಲ."

ಸಂಜೆ ಕತ್ತಲಾಗುತ್ತಲೇ ಸಿನಿಮಾ ಶುರು. ಮೊದಲ ರೀಲಿನಲ್ಲಿ ದನಗಳು ಧಾರಾಳವಾಗಿದ್ದವು. ಅಧ್ಯಕ್ಷರು ಕೆಚ್ಚಲಿನ ಗಾತ್ರವನ್ನು ಹೊಗಳಿದರು. ಭುಜಂಗಣ್ಣ ಮೈಕಿನಲ್ಲಿ ನಾಯಕನಿಗೆ ಲೂಯಿಸ್ ಎಂದು ಹೆಸರಿಟ್ಟರು. ಇನ್ನೊಬ್ಬನಿಗೆ ಹೆಸರಿಡಲಿಲ್ಲ, 'ಅವನ ದೋಸ್ತಿ' ಎಂದಷ್ಟೇ ಹೇಳಿದರು. ಎರಡನೆಯ ರೀಲಿನಲ್ಲಿ ಇಬ್ಬರೂ ಮಳೆಗೆ ಸಿಕ್ಕಿ ಹುಲ್ಲಿನ ಕೊಟ್ಟಿಗೆಗೆ ಓಡಿದರು. ಒಬ್ಬ ಇನ್ನೊಬ್ಬನ ಒದ್ದೆ ತಲೆ ಒರೆಸತೊಡಗಿದ. ಒರೆಸುತ್ತಿದ್ದ ಕೈ ನಿಂತಿತು.

ಮುಂದಿನ ಸಾಲಿನಿಂದ "ಕೈ" ಎಂಬ ಸ್ವರ ಬಂತು. ಜೇಮ್ಸ್ ಮಾಸ್ಟ್ರು ಕುರ್ಚಿ ಬಿಟ್ಟು ಪ್ರೊಜೆಕ್ಟರಿನ ಬಳಿಗೇ ಬಂದರು.

"ಕೈ ಇಡು ಭುಜಂಗ. ಅಣ್ಣ ತಮ್ಮ ಅಂತ ಹೇಳು."

"ಅಣ್ಣ ತಮ್ಮ ಅಲ್ಲ ಮಾಸ್ಟ್ರೆ."

"ನನಗೂ ಕಾಣ್ತದೆ. ಹೆಂಗಸರು ಮಕ್ಕಳು ಇದ್ದಾರೆ. ಹಾಗಂತ ಹೇಳು, ನಿನ್ನ ಗಂಟು ಎಂತ ಹೋಗ್ತದೆ?"

ಅಷ್ಟು ವರ್ಷ ಭುಜಂಗಣ್ಣ ಎಡಗೈಯಲ್ಲಿ ಮೈಕು ಹಿಡಿದು ಬಲಗೈಯನ್ನು ಲೆನ್ಸಿಗಾಗಿ ಖಾಲಿ ಇಟ್ಟುಕೊಂಡವರು. ಆ ಸಂಜೆ ಎರಡೂ ಕೈಯಲ್ಲಿ ಮೈಕು ಹಿಡಿದರು. ಹಿಡಿದು, ತುಳುವಿನಲ್ಲಿ, ಲಸಿಕೆಯ ವಿಷಯ ಹೇಳುವ ಅದೇ ಸ್ವರದಲ್ಲಿ ಹೇಳಿದರು: "ಇವರು ಅಣ್ಣ ತಮ್ಮ ಅಲ್ಲ. ಭಾವ ಮೈದುನನೂ ಅಲ್ಲ. ಲೂಯಿಸನಿಗೆ ಇವನ ಮೇಲೆ ಮನಸ್ಸು. ಗಂಡಿಗೆ ಹೆಣ್ಣಿನ ಮೇಲೆ ಇರ್ತದಲ್ಲ, ಹಾಗೆಯೇ. ನೀವು ನೋಡಿದ್ದು ಸರಿ ಉಂಟು. ನಿಮ್ಮ ಕಣ್ಣಿಗೆ ಎಂತದೂ ಆಗಲಿಲ್ಲ."

ಯಂತ್ರ ಕರಕರ ಓಡುತ್ತಲೇ ಇತ್ತು. ಆಮೇಲೆ ಹಿಂದಿನಿಂದ ಹಾರಿ ಬಂದ ಗೇರುಹಣ್ಣೊಂದು ಪರದೆಗೆ ಬಡಿದು ಒಡೆಯಿತು. ಲೂಯಿಸನ ಹೆಗಲ ಮೇಲೆ ರಸ ಇಳಿಯಿತು. ಹುಡುಗರು ನಕ್ಕರು. ಕುರ್ಚಿಗಳು ಕಿರುಗುಟ್ಟಿದವು. ರೀಲು ಬದಲಿಸಲು ದೀಪ ಹಾಕಬೇಕಾಯಿತು. ಬೆಳಕಿನಲ್ಲಿ ಎದ್ದು ಹೋದರೆ ಹೋದದ್ದು ಕಾಣುತ್ತದೆ, ಕುಳಿತರೆ ಕುಳಿತದ್ದು ಕಾಣುತ್ತದೆ; ಮಂಡಲದ ಸದಸ್ಯರಿಗೆ ಅಂಥ ಕಷ್ಟ ಹಿಂದೆಂದೂ ಬಂದಿರಲಿಲ್ಲ. "ಹೋಗುವವರು ಈಗ ಹೋಗಬಹುದು," ಎಂದು ಭುಜಂಗಣ್ಣ ಮೈಕಿನಲ್ಲೇ ಅನುಮತಿ ಕೊಟ್ಟರು. ಅಧ್ಯಕ್ಷರು ಹೋದರು. ಅರ್ಧ ಮೈದಾನ ಹೋಯಿತು. ಜೇಮ್ಸ್ ಮಾಸ್ಟ್ರು, ಕಾರ್ಯದರ್ಶಿಯಾದ್ದರಿಂದ, ಬೆನ್ನು ತಿರುಗಿಸಿ ನಿಂತರು.

ಮೂರನೆಯ ರೀಲಿನಲ್ಲಿ ಅಪ್ಪ ಲೂಯಿಸನನ್ನು ಹೊರಗೆ ಹಾಕಿ ಬಾಗಿಲು ಮುಚ್ಚುತ್ತಾನೆ. ಹುಡುಗ ಅಂಗಳದಲ್ಲಿ ನಿಂತಿರುತ್ತಾನೆ. ಆಗ ಹೆಂಗಸರ ಕಡೆಯಿಂದ ಮ್ಯಾಗ್ಡಲಿನ್ ಬಾಯಿಯ ದೊಡ್ಡ ಸ್ವರ ಕೇಳಿಸಿತು. ಗದ್ದೆ, ಹಂದಿ, ಐದು ಮಕ್ಕಳು, ಎಲ್ಲವನ್ನೂ ಒಬ್ಬರೇ ಸಾಕಿದ ವಿಧವೆ ಅವರು. ಸ್ವರ ಇಳಿಸಿ ಅಭ್ಯಾಸವಿಲ್ಲ.

"ಅಲ್ಲ ಮಾರಾಯ, ಆ ಹುಡುಗನನ್ನು ಊಟಕ್ಕೆ ಕರೆಯುವವರು ಒಬ್ಬರೂ ಇಲ್ವಾ ಆ ಊರಲ್ಲಿ?"

"ಈ ರೀಲಿನಲ್ಲಿ ಇಲ್ಲ ಬಾಯಮ್ಮ," ಎಂದರು ಭುಜಂಗಣ್ಣ ಮೈಕಿನಲ್ಲಿ.

ಚಿತ್ರ ಮುಗಿಯುವಾಗ ಲೂಯಿಸ್ ಊರು ಬಿಟ್ಟಿರುವುದಿಲ್ಲ. ಅದೇ ಹೊಲದಲ್ಲಿ, ಅಪ್ಪನ ಎದುರಿಗೇ, ಹುಲ್ಲು ಕೊಯ್ಯುತ್ತಿರುತ್ತಾನೆ. ಆ ಭಾಗಕ್ಕೆ ಭುಜಂಗಣ್ಣ ಕಥೆ ಹೇಳಲಿಲ್ಲವಂತೆ. ಮೈಕು ಕೆಳಗಿಟ್ಟರಂತೆ.

ಫಲ ಬೇಗ ಬಂತು. ಮಂಡಲಗಳು ಅವರನ್ನು ಕರೆಯುವುದು ಬಿಟ್ಟವು. ಶೇಖರ ಮೃದುವಾಗಿ, "ಸ್ವಲ್ಪ ದಿನ ಟ್ಯೂಬ್‌ಲೈಟು ನೋಡಿಕೋ ಭುಜಂಗ. ಇಲ್ಲದಿದ್ದರೆ ಪುನಃ ಬೊಂಬಾಯಿ…" ಎಂದರು. ಭುಜಂಗಣ್ಣ ಟ್ಯೂಬ್‌ಲೈಟು ಕಟ್ಟಿದರು, ಊರು ಬಿಡಲಿಲ್ಲ. ಒಂದು ಮಳೆಗಾಲ ಹಾಗೆ ಹೋಯಿತು. ಬಸ್ ನಿಲ್ದಾಣದಲ್ಲಿ ಹುಡುಗರು "ಎಂತ ಸಿನಿಮಾ ಉಂಟು ಭುಜಂಗಣ್ಣ ಈ ವಾರ?" ಎಂದು ಕಣ್ಣು ಮಿಟುಕಿಸುತ್ತಿದ್ದರು. "ಬಾ, ನೋಡು," ಎನ್ನುತ್ತಿದ್ದರು ಇವರು. "ಕಣ್ಣು ಮುಚ್ಚಿಕೊಳ್ಳಲಿಕ್ಕಿದ್ದರೆ ನಿನ್ನ ಕೈ ನೀನೇ ತಾ."

ಆ ಸಿನಿಮಾದ ಮರುವಾರವೇ ಆದ ಇನ್ನೊಂದು ಸಂಗತಿಯನ್ನು ಅವರು ತಾವಾಗಿ ಹೇಳುವುದಿಲ್ಲ, ಅಪ್ಪಿಯಕ್ಕ ಹೇಳುತ್ತಾರೆ. ಭಾನುವಾರ ಚರ್ಚಿನ ಪೂಜೆ ಮುಗಿಸಿದ ಮ್ಯಾಗ್ಡಲಿನ್ ಬಾಯಿ ಬಸ್ಸು ಹಿಡಿದು ಉದ್ಯಾವರಕ್ಕೆ ಬಂದು, ಮನೆ ಕೇಳಿಕೊಂಡು, ಅಂಗಳದಲ್ಲಿ ನಿಂತೇ ಹೇಳಿದರಂತೆ: "ಸಣ್ಣಾ ಮಾಡಿದ್ದೇನೆ, ನಿಮ್ಮ ಇಡ್ಲಿಯ ಹಾಗೆಯೇ. ನಿನ್ನ ತಮ್ಮನನ್ನು ಊಟಕ್ಕೆ ಕಳಿಸು."

ಈಗ ಎಂಬತ್ತಾರು. ಶಿರ್ವದ ಗಲ್ಫ್ ಮನೆಗಳಲ್ಲಿ ವಿಡಿಯೋ ಬಂದಿದೆ. ಯಾರ ಕೈಯ ಅಡ್ಡಿಯೂ ಇಲ್ಲದೆ ಬಾಗಿಲು ಹಾಕಿಕೊಂಡು ಎಲ್ಲವನ್ನೂ ನೋಡುತ್ತಾರೆ. ಹಾಗಿದ್ದರೂ ಮೈದಾನಕ್ಕೆ ಜನ ಸೇರುತ್ತದೆ. ಭುಜಂಗಣ್ಣನ ಬದಲಿಗೆ ಹೋದವನು ಕಾರ್ಕಳದಲ್ಲಿ ಫಿಲ್ಮು ಸುಟ್ಟ ಮೇಲೆ ಶೇಖರ ಅವರನ್ನೇ ಪುನಃ ಕಳಿಸತೊಡಗಿದರು. ಮೊನ್ನೆ ಅದೇ ಯುವಕ ಮಂಡಲದಿಂದಲೂ ಕರೆ ಬಂತು. ಜೇಮ್ಸ್ ಮಾಸ್ಟ್ರೇ ಬಂದಿದ್ದರು. ಷರತ್ತು ಎರಡು: ಕೈ ಎಂದಾಗ ಕೈ ಇಡಬೇಕು, ಮತ್ತು ಆ ದಿನದ್ದು ತಪ್ಪಾಯಿತು ಎಂದು ಮೈಕಿನಲ್ಲಿ ಒಂದು ಮಾತು.

"ಕೈ ಇಡುವುದಾದರೆ ನೀವೇ ಬಂದು ಇಡಿ ಮಾಸ್ಟ್ರೆ, ಲೆನ್ಸು ಬಿಸಿ ಇರ್ತದೆ, ನೋಡಿಕೊಳ್ಳಿ ಅಂದೆ. ಆ ಇನ್ನೊಂದು ಮಾತು ನನ್ನ ಬಾಯಲ್ಲಿ ಬರುವುದಿಲ್ಲ ಅಂದೆ." ಮಾಸ್ಟ್ರು ಚಾ ಕುಡಿದು, ಹೊರಡುವಾಗ, "ಪರದೆಯಾದರೂ ಒಗೆದು ತಾ," ಎಂದರಂತೆ. ಈ ಬೆಳಗಿನ ಒಗೆತ ಅದಕ್ಕಾಗಿ. ಕಲೆಯ ಸಮೇತ.

ಬಿಸಿಲು ಏರಿ ಪರದೆ ಒಣಗುತ್ತಿದೆ. ಆಸೆ ಏನಾದರೂ ಉಂಟೇ ಎಂದರೆ, ಆ ರೀಲು ಇನ್ನೊಮ್ಮೆ ಬರಲಿ, ಕಾಪುವಿನ ಕಡಲ ಬದಿಯಲ್ಲಿ ತೋರಿಸಬೇಕು ಎನ್ನುತ್ತಾರೆ. ಗೆಳೆಯ ಈಗ ಗಲ್ಫ್‌ನಲ್ಲಿದ್ದಾನೆ. ಅವನ ಹೆಸರು ಬರೆಯುವುದು ಬೇಡ, ಅವನಿಗೆ ಮಕ್ಕಳಿದ್ದಾರೆ, ಅವನ ಮಾತು ಅವನೇ ಹೇಳಬೇಕು ಎನ್ನುತ್ತಾರೆ.

ಹಾಗಾದರೆ ಪತ್ರಿಕೆಯಲ್ಲಿ ಇವರ ಹೆಸರನ್ನೂ ಬದಲಿಸೋಣವೇ ಎಂಬ ಮಾತು ಬರುತ್ತದೆ. ಬೀಡಿ ಕಟ್ಟುವ ಕೈ ನಿಲ್ಲಿಸಿ ಅಪ್ಪಿಯಕ್ಕ ತಮ್ಮನನ್ನು ನೋಡುತ್ತಾರೆ. ಭುಜಂಗಣ್ಣ ಹಗ್ಗದಿಂದ ಪರದೆ ಇಳಿಸಿ, ಕಲೆ ಮೇಲೆ ಬರುವ ಹಾಗೆ ಮಡಿಸಿ, ಹೆಗಲಿಗೇರಿಸುತ್ತಾರೆ.

"ಭುಜಂಗ ಅಂತಲೇ ಹಾಕಿ. ಉದ್ಯಾವರ ಅಂತಲೂ ಹಾಕಿ. ಇಷ್ಟು ವರ್ಷ ಬೇರೆಯವರದ್ದಕ್ಕೆ ಕೈ ಅಡ್ಡ ಹಿಡಿದವನು ನಾನು. ನನ್ನ ಹೆಸರಿಗೆ ಯಾರೂ ಹಿಡಿಯುವುದು ಬೇಡ."