ಅಕ್ಕನ ಗಾಡಿಯ ಫ್ಯೂಸ್ ಪೆಟ್ಟಿಗೆ

ಬೆಳಗಿನ ಆರು ಗಂಟೆ. ಹಳೆಯ ವಾಹನಗಳ ವೈರಿಂಗ್ ರಿಪೇರಿ ಮಾಡುವ ಐವತ್ತೆಂಟರ ಮೇಸ್ತ್ರಿ, ನೀಲಿ ವ್ಯಾನಿನ ಸೀಟಿನ ಮೇಲೆ ಒಗೆದ ದುಪ್ಪಟಿ ಹಾಸಿದ ಮೇಲೆಯೇ ಒಳಗೆ ಮೈ ತೂರಿಸುತ್ತಾರೆ. ತಮ್ಮ ಎಣ್ಣೆ ಜಿಡ್ಡು ಇನ್ನೊಬ್ಬರ ಸೀಟಿಗೆ ತಾಗಬಾರದು. ಬಾಯಲ್ಲಿ ಟಾರ್ಚ್, ಕಣ್ಣು ಸ್ಟೇರಿಂಗ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ.

ಕಳೆದ ವಾರವಷ್ಟೇ ವ್ಯಾನ್ ಕೊಂಡ ತರಕಾರಿ ವ್ಯಾಪಾರಿ ಪಕ್ಕದಲ್ಲಿ ಚಡಪಡಿಸುತ್ತಿದ್ದಾರೆ. ಗಾಡಿಯ ಮುಂದಿನ ದೀಪ ಮನಸ್ಸು ಬಂದಾಗ ಉರಿಯುತ್ತದಂತೆ.

"ಅಣ್ಣಾ, ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಕೊಟ್ಬಿಡಿ. ಎಲ್ಲರೂ ಹಾಗೇ ಮಾಡ್ತಾರೆ."

ಮೇಸ್ತ್ರಿ ಬಾಯಿಂದ ಟಾರ್ಚ್ ತೆಗೆಯುತ್ತಾರೆ. "ಹಾಗಾದ್ರೆ ಎಲ್ಲರ ಹತ್ರಾನೇ ಹೋಗಬೇಕಿತ್ತು."

"ಬೆಳಬೆಳಗ್ಗೆ ಕೋಪ ಯಾಕಣ್ಣ!"

"ಕೋಪ ಅಲ್ಲಪ್ಪ. ಫ್ಯೂಸ್ ತಾನು ಸತ್ತು ಗಾಡಿ ಉಳಿಸುತ್ತೆ. ಬೆಳ್ಳಿ ಹಾಳೆ ಸಾಯಲ್ಲ, ಗಾಡಿ ಸಾಯುತ್ತೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಗಾದೆ ಇವರ ಪಾಲಿಗೆ ಬರೀ ಗಾದೆಯಲ್ಲ. ಹನ್ನೆರಡು ವರ್ಷದ ಹಿಂದೆ ಅಕ್ಕನ ಲಾಂಡ್ರಿ ವ್ಯಾನಿನ ಫ್ಯೂಸಿಗೆ ಅವಸರದಲ್ಲಿ ಬೆಳ್ಳಿ ಹಾಳೆ ಸುತ್ತಿದವರು ಇವರೇ. ಆಸ್ಪತ್ರೆಯ ಹೊದಿಕೆಗಳ ಸಮೇತ ಗಾಡಿ ಸುಟ್ಟುಹೋಯಿತು. ಬಾಗಿಲು ಎಳೆದು ತೆರೆದ ಅಕ್ಕನ ಎಡ ಅಂಗೈ ಇವತ್ತಿಗೂ ಪೂರ್ತಿ ಬಿಚ್ಚುವುದಿಲ್ಲ.

"ಅವಳು ಒಂದು ಮಾತೂ ಬಯ್ಯಲಿಲ್ಲ," ಎನ್ನುತ್ತಾರೆ ಮೇಸ್ತ್ರಿ. " ಬೈದಿದ್ರೆ ನಾನೂ ಅತ್ತು ಹಗುರ ಆಗ್ತಿದ್ದೆ."

ಆಮೇಲೆ ಅಕ್ಕ ಇನ್ನೊಂದು ಹಳೆಯ ವ್ಯಾನ್ ಕೊಂಡರು. ಅವರ ಮನೆ ಎರಡೇ ಬೀದಿ ಆಚೆ. ಆದರೂ ಆ ಗಾಡಿ ತಮ್ಮನ ಈ ರಿಪೇರಿ ಶೆಡ್ಡಿಗೆ ಒಮ್ಮೆಯೂ ಬರಲಿಲ್ಲ. ಇವತ್ತು ಬಂದಿದೆ, ಅಕ್ಕ ಮಾರಿದ ಮೇಲೆ, ತರಕಾರಿಯವರ ಗಾಡಿಯಾಗಿ. ಬೀದಿ ತಿರುವಿನಲ್ಲಿ ಕಂಡಾಗಲೇ ಮೇಸ್ತ್ರಿಗೆ ಗುರುತು ಸಿಕ್ಕಿತ್ತು.

ದಿನಕ್ಕೆ ನಾಲ್ಕೈದು ಗಾಡಿ, ಇಪ್ಪತ್ತೆಂಟು ವರ್ಷದ ಕೆಲಸ. ಬೆರಳಿಗೆ ಎಲ್ಲವೂ ಗೊತ್ತು. ಮೊದಲು ಬ್ಯಾಟರಿಯ ತಂತಿ ಕಳಚುತ್ತಾರೆ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾರೆ. ಅವುಗಳನ್ನು ಹಿಡಿದಿಡುವ ಹಿತ್ತಾಳೆ ಕ್ಲಿಪ್ಪುಗಳು ಸವೆದು ಬಾಯಿ ಬಿಟ್ಟಿವೆ, ಹಸಿರು ಕಿಲುಬು ಹಿಡಿದಿದೆ. ದೀಪದ ಫ್ಯೂಸಿನ ಪಕ್ಕ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿದೆ. ಅಲ್ಲಿ ಬೆರಳು ನಿಲ್ಲುತ್ತದೆ. ಸಡಿಲವಾದ ಕ್ಲಿಪ್ಪನ್ನು ಬಿಗಿ ಮಾಡಲು ಯಾರೋ ಬೆಂಕಿಕಡ್ಡಿ ತುರುಕಿದ್ದಾರೆ. ಒಂದಲ್ಲ, ಮೂರು. ಒಂದು ಕಡ್ಡಿ ಅರ್ಧ ಕರಕಲಾಗಿದೆ.

"ಇದನ್ನ ಇಟ್ಕೊಂಡು ಓಡಿಸ್ತಿದ್ಲು ನಮ್ಮಕ್ಕ," ಎನ್ನುತ್ತಾರೆ. ತರಕಾರಿಯವರು ಬಗ್ಗಿ ಕಡ್ಡಿಗಳನ್ನು ನೋಡುತ್ತಾರೆ.

ಸುಟ್ಟ ತಂತಿಯ ತುದಿ ಕತ್ತರಿಸಿ, ಹೊಸ ಕ್ಲಿಪ್ ಒತ್ತಿ, ಎಳೆದು ನೋಡುತ್ತಾರೆ. ಮುಂದಿನ ಮೇಸ್ತ್ರಿ ಪರದಾಡಬಾರದೆಂದು ಪ್ರತಿ ತಂತಿಗೂ ಟೇಪು ಸುತ್ತಿ, 'ದೀಪ', 'ಹಾರ್ನ್' ಎಂದು ಬರೆಯುತ್ತಾರೆ. ಎರಡು ಗಂಟೆಯ ಕೆಲಸ. ದೀಪ ಉರಿಯುತ್ತದೆ, ಗಾಡಿ ಹೊರಡುತ್ತದೆ.

"ಅವಳೇ ಗಾಡಿ ತರಲಿ ಅಂತ ಹನ್ನೆರಡು ವರ್ಷ ಕಾದೆ. ನಾನೇ ಹೋಗಿ ಗಾಡಿ ವಿಚಾರ ಕೇಳಲಿ ಅಂತ ಅವಳೂ ಕಾದಳೋ ಏನೋ," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾ ಮೇಸ್ತ್ರಿ ದುಪ್ಪಟಿ ಮಡಿಸುತ್ತಾರೆ. "ಭಾನುವಾರ ಹೋಗ್ತೀನಿ. ಅಲ್ಲಿ ರಿಪೇರಿಗೆ ಇನ್ನೇನೂ ಉಳಿದಿಲ್ಲ. ಸುಮ್ನೆ ಅವಳ ಹತ್ರ ಸ್ವಲ್ಪ ಹೊತ್ತು ಕೂತ್ಕೋಬೇಕು."